ಹತ್ತು ದಿನದ ಕಡ್ಡಾಯ ರಜೆ

ವಸಂತಿಗೆ ಹತ್ತು ದಿನದ ರಜೆ ಮಂಜೂರಾದದ್ದು ಜೂನ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಬಸಳೆ ಹುಳಿ ಬಡಿಸುತ್ತಿದ್ದಾಗ. ಅವಳು ರಜೆ ಕೇಳಿರಲಿಲ್ಲ. ಕೇಳುವ ಅಭ್ಯಾಸವೇ ಅವಳಿಗಿರಲಿಲ್ಲ.

"ಹನ್ನೊಂದರಿಂದ ಇಪ್ಪತ್ತರವರೆಗೆ," ಎಂದರು ಗಂಡ ಕೃಷ್ಣಾನಂದರು, ಹುಳಿಗಾಗಿ ಅನ್ನದ ನಡುವೆ ಗುಂಡಿ ಮಾಡುತ್ತ. "ನೀನು ತಿರುವನಂತಪುರಕ್ಕೆ ಹೋಗಿ ಮಗಳ ಮನೇಲಿ ಇರುದು. ಸಾರಿನ ಹುಡಿಯ ಸುದ್ದಿ ಎತ್ಲಿಕ್ಕಿಲ್ಲ. ಆ ವಿಷಯಕ್ಕೆ ಫೋನೂ ಮಾಡ್ಲಿಕ್ಕಿಲ್ಲ."

"ನಂಗೆಂತಕ್ಕೆ ರಜೆ? ನಾನೆಂತ ಕದ್ದಿದ್ದೇನಾ?"

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಬ್ಯಾಂಕ್ ಮ್ಯಾನೇಜರರ ಹೆಂಡತಿಯಾಗಿದ್ದವಳಿಗೆ ಕಡ್ಡಾಯ ರಜೆ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. ಮುಖ್ಯ ಕೆಲಸದಲ್ಲಿರುವ ನೌಕರನನ್ನು ವರ್ಷಕ್ಕೊಮ್ಮೆ ಹೇಳದೆ ಕೇಳದೆ ಹತ್ತು ದಿನ ಮನೆಗೆ ಕಳಿಸುತ್ತಾರೆ. ಅವನ ಕುರ್ಚಿಯಲ್ಲಿ ಇನ್ನೊಬ್ಬನನ್ನು ಕೂರಿಸುತ್ತಾರೆ. ಅವನು ಏನಾದರೂ ಮುಚ್ಚಿಟ್ಟಿದ್ದರೆ ಆ ಹತ್ತು ದಿನದಲ್ಲಿ ಹೊರಗೆ ಬೀಳಬೇಕು. ಕೃಷ್ಣಾನಂದರು ನಿವೃತ್ತರಾಗಿ ಎಂಟು ವರ್ಷವಾದರೂ ಬ್ಯಾಂಕಿನ ರೂಲ್ಸು ಅವರ ತಲೆಯಿಂದ ಇಳಿದಿರಲಿಲ್ಲ. ಪಾಪ, ಇಳಿಸಲಿಕ್ಕೆ ಅವರಿಗಿದ್ದ ಜಾಗವೂ ಈ ಮನೆಯೊಂದೇ.

"ಬ್ಯಾಂಕಲ್ಲಾದ್ರೆ ಮುಂಚೆ ಹೇಳುದೂ ಇಲ್ಲ. ನೀನು ಅಂತ ಒಂದು ವಾರ ಮೊದ್ಲು ಹೇಳಿದ್ದು," ಎಂದು ಉಪಕಾರ ಮಾಡಿದವರ ಹಾಗೆ ಹೇಳಿದರು.

ಮಗ ಹೃಷಿಕೇಶ್ ನಡುವೆ ಬಂದ. "ಕದಿಯುವ ವಿಷಯ ಅಲ್ಲಮ್ಮ. ಟ್ರೈನಿಂಗಲ್ಲಿ ಕೇಳಿದ ಮೊದಲ್ನೇ ಪ್ರಶ್ನೆಯೇ ಇದು. ಶುರು ಮಾಡಿದವರು ಹತ್ತು ದಿನ ಇಲ್ಲದಿದ್ರೆ ನಿಮ್ಮ ವ್ಯಾಪಾರ ನಡೀತದಾ ಅಂತ. ನಾನು ಎಂತ ಬರೀಲಿ? ಇಲ್ಲ ಅಂತ ಬರೆದು ಬಂದೆ. ಎಲ್ಲರೆದುರು ನಾಚಿಕೆ ಆಯ್ತು."

ಆ ಟ್ರೈನಿಂಗ್ ನಡೆದದ್ದು ತಿರುವನಂತಪುರದಲ್ಲಿ, ಮನೆಮಂದಿ ಸೇರಿ ವ್ಯಾಪಾರ ಮಾಡುವವರಿಗಾಗಿ, ಎರಡು ದಿನ. ಹೃಷಿಕೇಶ್ ಅಲ್ಲಿಂದ ದಪ್ಪನೆಯ ನೀಲಿ ಫೈಲು, ಎರಡು ಪುಸ್ತಕ, ಒಂದು ಪೆನ್ ಡ್ರೈವ್ ತಂದಿದ್ದ. ಕುಟುಂಬದ ಸಭೆ ನಡೆಸುವುದು ಹೇಗೆ, ಯಾರು ಯಾವುದಕ್ಕೆ ಹೊಣೆ, ಮುಂದಿನ ತಲೆಮಾರಿಗೆ ದಾಟಿಸುವುದು ಹೇಗೆ ಎಂದು ಅದರಲ್ಲಿ ಬೇರೆ ಬೇರೆ ಪಾಠಗಳಿದ್ದವು. ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟೂ ಅಂಟಿತು. ಅದರಲ್ಲಿ ಮೇಲಿನ ಚೌಕದೊಳಗೆ ವಸಂತಿಯ ಹೆಸರಿತ್ತು, ಅಲ್ಲಿಂದ ಹೊರಟ ಬಾಣಗಳೆಲ್ಲ ಬೇರೆಯವರ ಕಡೆಗಿದ್ದವು.

ವ್ಯಾಪಾರ ಎಂದರೆ ಸಾರಿನ ಪುಡಿ. ಪುತ್ತೂರಿನ ಕಡೆಯಿಂದ ವರ್ಗವಾಗಿ ಎರ್ನಾಕುಳಕ್ಕೆ ಬಂದ ಹೊಸತರಲ್ಲಿ, ಗಂಡನ ಶಾಖೆಯ ಇಬ್ಬರು ಕನ್ನಡದ ಹುಡುಗರಿಗೆ ವಸಂತಿ ಡಬ್ಬಿಯಲ್ಲಿ ಹಾಕಿ ಕೊಟ್ಟ ಪುಡಿ ಅದು. ಅವರಿಂದ ಇನ್ಫೋಪಾರ್ಕಿನ ಐಟಿ ಹುಡುಗರಿಗೆ ತಲುಪಿತು, ಆಮೇಲೆ ಕಲೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ, ಹೀಗೆ ಈಗ ಹನ್ನೊಂದು ಅಂಗಡಿಗಳಾಗಿದ್ದವು. ಮನೆಯ ಹಿಂದಿನ ಶೆಡ್ಡಿನಲ್ಲಿ ವಸಂತಿ ಹುರಿಯುತ್ತಿದ್ದಳು, ಗ್ರೇಸಿ ಜೊತೆಗಿರುತ್ತಿದ್ದಳು. ವಲ್ಲಾರ್ಪಾಡಂನ ಗ್ರೇಸಿ ಹನ್ನೊಂದು ವರ್ಷದ ಹಿಂದೆ ಪಾತ್ರೆ ತೊಳೆಯಲು ಬಂದವಳು. ಮೆಂತೆ ಎಷ್ಟು ಕೆಂಪಾದಾಗ ಇಳಿಸಬೇಕೆಂದು ಈಗ ವಾಸನೆಯಲ್ಲೇ ಹೇಳುತ್ತಿದ್ದಳು.

ಹೃಷಿಕೇಶ್ ಕಂಟೇನರ್ ಟರ್ಮಿನಲ್‌ನ ಒಂದು ಕಂಪನಿಯಲ್ಲಿದ್ದ ಕೆಲಸವನ್ನು ಕಳೆದ ವರ್ಷ ಬಿಟ್ಟು ಇದಕ್ಕೇ ಇಳಿದಿದ್ದ. ಓಡಾಡಿ ಓಡಾಡಿ ಕೊನೆಗೂ ಒಂದು ಸೂಪರ್ ಮಾರ್ಕೆಟ್‌ನವರನ್ನು ಹಿಡಿದಿದ್ದ. ಇಪ್ಪತ್ತೆರಡು ಮಳಿಗೆಗಳು, ಮೊದಲ ಸಲಕ್ಕೆ ನಾಲ್ಕು ಸಾವಿರ ಪ್ಯಾಕೆಟ್. ಅದನ್ನು ವಸಂತಿ ಇಲ್ಲದ ಹತ್ತು ದಿನದಲ್ಲೇ ಮಾಡಿ ಮುಗಿಸಬೇಕೆಂದು ಅಪ್ಪ ಮಗ ನಿಶ್ಚಯಿಸಿದ್ದರು. ಪರೀಕ್ಷೆ ಎಂದರೆ ಪರೀಕ್ಷೆ.

"ಇಷ್ಟು ದೊಡ್ಡ ಕೆಲಸ ಇಟ್ಟುಕೊಂಡು ನನ್ನನ್ನು ಓಡಿಸುದಾ?" ಎಂದಳು ವಸಂತಿ.

"ಓಡಿಸುದಲ್ಲ ಮಾರಾಯ್ತಿ. ರಜೆ," ಎಂದರು ಕೃಷ್ಣಾನಂದರು. "ಸ್ವಲ್ಪ ಹುಳಿ ಹಾಕು."

ಹೊರಡುವ ಮೊದಲು ಕೆಲಸದ ಕ್ರಮವನ್ನು ಬರೆದಿಡಬೇಕಿತ್ತು. ಆ ಹೊಣೆ ಸೊಸೆ ನಿಶಾಳದು. ಮೈಸೂರಿನ ಹುಡುಗಿ, ಇನ್ಫೋಪಾರ್ಕಿನಲ್ಲಿ ಕೆಲಸ, ಅಚ್ಚುಕಟ್ಟು ಜಾಸ್ತಿ. ಮೂರು ಸಂಜೆ ಆಫೀಸಿನಿಂದ ಬಂದವಳೇ ಲ್ಯಾಪ್‌ಟಾಪು ಮತ್ತು ತಕ್ಕಡಿ ಹಿಡಿದು ಶೆಡ್ಡಿಗೆ ಬಂದಳು. ಅತ್ತೆಯ ಒಂದು ಹಿಡಿ ಕೊತ್ತಂಬರಿ ಎಷ್ಟು ಗ್ರಾಮು, ಚಿಟಿಕೆ ಇಂಗು ಎಷ್ಟು ಗ್ರಾಮು ಎಂದು ತೂಗಿದಳು. ವಸಂತಿಗೆ ಮೈಯೆಲ್ಲ ಮುಜುಗರ. ತನ್ನ ಕೈಯನ್ನೇ ಯಾರೋ ಬಿಚ್ಚಿ ತಕ್ಕಡಿಗೆ ಹಾಕಿದ ಹಾಗೆ.

"ಒಂದೇ ಸಲ ಹೇಳ್ಬಿಡಿ ಅತ್ತೆ. ಆಮೇಲೆ ನಿಮಗೆ ಯಾರೂ ತೊಂದ್ರೆ ಕೊಡಲ್ಲ. ಯಾರು ಬೇಕಾದ್ರೂ ಮಾಡೋ ಹಾಗೆ ಇರುತ್ತೆ."

ಯಾರು ಬೇಕಾದರೂ. ಆ ಮಾತು ವಸಂತಿಗೆ ನಾಟಿತು. ನಿಶಾ ಕೆಟ್ಟದ್ದಕ್ಕೆ ಹೇಳಿದ್ದಲ್ಲ ಎಂದು ತಿಳಿದೂ ನಾಟಿತು.

"ಬೀಸಿ ಆಯ್ತು. ಆಮೇಲೆ?" ಎಂದು ನಿಶಾ ಕೇಳಿದಳು.

ಆಮೇಲಿನದು ಗ್ರೇಸಿಗೂ ಗೊತ್ತಿದ್ದ ಕೆಲಸ. ಬೀಸಿದ ಪುಡಿ ಮಿಷನ್ನಿನ ಬಿಸಿಗೆ ಬೆಚ್ಚಗಿರುತ್ತದೆ. ಅದನ್ನು ಒಗೆದ ಬಿಳಿ ಪಂಚೆಯ ಮೇಲೆ ತೆಳ್ಳಗೆ ಹರಡಿ, ಫ್ಯಾನಿನ ಕೆಳಗೆ ಪೂರ್ತಿ ಒಂದು ದಿನ ಆರಲು ಬಿಡಬೇಕು. ನಾಲ್ಕು ಸಲ ಕೈಯಾಡಿಸಬೇಕು. ಮಳೆಗಾಲದಲ್ಲಂತೂ ಇದು ತಪ್ಪಲೇಬಾರದು. ವಸಂತಿಯ ತಾಯಿ ಹಾಗೇ ಮಾಡುತ್ತಿದ್ದರು, ವಸಂತಿಯೂ ಹಾಗೇ ಮಾಡಿಕೊಂಡು ಬಂದಿದ್ದಳು.

"ಆಮೇಲೆ ಅತ್ತೆ?"

"ಆಮೇಲೆ ಎಂತ? ಪ್ಯಾಕ್ ಮಾಡುದು."

ನಿಶಾ ಬರೆದುಕೊಂಡಳು. ಹೇಳಬೇಡ ಎಂದು ವಸಂತಿ ಮೊದಲೇ ಯೋಚಿಸಿದ್ದಲ್ಲ. ಬಾಯಿ ತಾನಾಗಿ ಹಾಗಂದಿತು. ತಿದ್ದಲಿಕ್ಕೆ ಮನಸ್ಸು ಬರಲಿಲ್ಲ. ಎರಡನೇ ದಿನವೇ ಪುಡಿ ಗಂಟು ಕಟ್ಟಿ, "ಅಮ್ಮ, ಎಂತ ಮಾಡುದು?" ಎಂದು ಫೋನು ಬರುತ್ತದೆ, ಆಗ ಹೇಳಿದರಾಯಿತು ಎಂದುಕೊಂಡಳು. ಅಪ್ಪ ಮಗ ಇಬ್ಬರೂ ಒಂದು ಸಲ ಪೇಚಾಡಲಿ. ಅಷ್ಟೇ ಅವಳ ಆಸೆ.

ಅವಳ ಲೆಕ್ಕಾಚಾರ ತಪ್ಪಿದ್ದು ಇಲ್ಲೇ. ಜನ್ಮದಲ್ಲಿ ಒಮ್ಮೆಯೂ ಬಿಸಿ ಪುಡಿಯನ್ನು ಕಟ್ಟಿಡದವಳಿಗೆ, ಕಟ್ಟಿಟ್ಟರೆ ಅದು ಕೆಡಲು ಎಷ್ಟು ದಿನ ಬೇಕೆಂದು ಎಲ್ಲಿಂದ ಗೊತ್ತಿರಬೇಕು?

ತಿರುವನಂತಪುರದ ಶ್ರೀಕಾರ್ಯಂನ ಆ ಮನೆಯಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಮಗಳು ಪಾವನಾ ಎಂಟಕ್ಕೇ ಟೆಕ್ನೋಪಾರ್ಕಿನ ಆಫೀಸಿಗೆ ಓಡುವವಳು, ಅಳಿಯನೂ ಹಾಗೇ. ಅಡಿಗೆಗೆ ಒಬ್ಬ ಹೆಂಗಸು ಬಂದು ಪುಟ್ಟು ಕಡಲೆ ಮಾಡಿಟ್ಟು ಹೋಗುತ್ತಿದ್ದಳು. ಏಳು ವರ್ಷದ ಮೊಮ್ಮಗಳು ಮಹತಿ ಶಾಲೆಯಿಂದ ಬಂದ ಮೇಲೆ ಮಾತ್ರ ಮನೆಯಲ್ಲಿ ಸದ್ದು.

"ಊಟ ಮಾಡ್ತೀಯಾ ಪುಟ್ಟಿ? ಸಾರು ಮಾಡಿದ್ದೇನೆ."

"ವೇಂಡ ಅಮ್ಮಮ್ಮೇ, ನೂಡಲ್ಸ್ ಮತಿ," ಎನ್ನುತ್ತಿದ್ದಳು ಮಹತಿ. ಸಾರು ಬೇಡ, ನೂಡಲ್ಸ್ ಸಾಕು.

ಕೃಷ್ಣಾನಂದರು ದಿನಾ ಸಂಜೆ ಏಳಕ್ಕೆ ಸರಿಯಾಗಿ ಫೋನು ಮಾಡುತ್ತಿದ್ದರು. ಊಟ ತಿಂಡಿ ವಿಚಾರಿಸುವರು, ಅಲ್ಲಿ ಮಳೆ ಹೇಗೆ ಎನ್ನುವರು.

"ಅಲ್ಲಿ ಹುರಿಯುದು ಎಲ್ಲಿವರೆಗೆ ಬಂತು?" ಎಂದು ಮೂರನೆಯ ದಿನ ವಸಂತಿ ಕೇಳಿಯೇಬಿಟ್ಟಳು.

"ಅದೆಲ್ಲ ನೀನು ಕೇಳ್ಲಿಕ್ಕಿಲ್ಲ. ರಜೆಯಲ್ಲಿದ್ದವರಿಗೆ ಸಿಸ್ಟಮ್ಮೇ ತೆರೆಯುದಿಲ್ಲ."

"ನಾನೆಂತ ಸಿಸ್ಟಮ್ಮಾ?"

ಅವರು ನಕ್ಕು ಫೋನಿಟ್ಟರು. ಹೃಷಿಕೇಶನಿಂದ, ನಿಶಾಳಿಂದ ಒಂದು ಕರೆಯೂ ಇಲ್ಲ. ವಸಂತಿ ಫೋನನ್ನು ಬಾತ್‌ರೂಮಿನ ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಸ್ನಾನ ಮಾಡಿದಳು.

"ಅವ್ರಿಗೆ ನಿನ್ನ ಅಗತ್ಯ ಇಲ್ಲ ಅಂತಾದ್ರೆ ಒಳ್ಳೇದೇ ಅಲ್ವಾ ಅಮ್ಮ? ಅರವತ್ತಾಯ್ತು. ಇನ್ನಾದ್ರೂ ಕೂತ್ಕೋ," ಎಂದಳು ಪಾವನಾ.

"ಕೂತು ಎಂತ ಮಾಡುದು?"

ಪಾವನಾ ಟೀವಿ ಹಾಕಿಕೊಟ್ಟಳು.

ಆರನೆಯ ದಿನ ಮಧ್ಯಾಹ್ನ ತಡೆಯಲಾರದೆ ವಸಂತಿ ಗ್ರೇಸಿಗೆ ಫೋನು ಮಾಡಿದಳು. ಗ್ರೇಸಿ ಊಟಕ್ಕೆ ಕೂತಿದ್ದಳು. ಕರೆ ಬಂದದ್ದಕ್ಕೆ ಅವಳಿಗೆ ಬದುಕಿದೆ ಎನಿಸಿದ್ದು ದನಿಯಲ್ಲೇ ತಿಳಿಯಿತು. ವಸಂತಿಯನ್ನು ಅವಳು ಕರೆಯುತ್ತಿದ್ದದ್ದು ಚೇಚಿ, ಅಕ್ಕ ಎಂದು. ಬಾಯಲ್ಲಿದ್ದ ಅನ್ನ ನುಂಗಿ ಮಲಯಾಳದಲ್ಲಿ ಮೆಲ್ಲಗೆ ಹೇಳಿದಳು: "ಚೇಚಿ, ಇಲ್ಲಿ ಬೀಸಿದ್ದನ್ನು ಕೂಡಲೇ ಪ್ಯಾಕ್ ಮಾಡಿಸುತ್ತಿದ್ದಾರೆ. ಆರಬೇಕು ಅಂತ ನಾನು ಹೇಳಿದೆ. ನಿಶಾ ಬರೆದ ಪೇಪರಿನಲ್ಲಿ ಹಾಗಿಲ್ಲ ಅಂದರು ಸಾರ್. ಚೇಚಿ ಒಂದು ಮಾತು ಹೇಳಿ."

ವಸಂತಿ ಬಾಯಿ ತೆರೆಯುವುದರೊಳಗೆ ಆಚೆಯಿಂದ ಹೃಷಿಕೇಶನ ದನಿ ಕೇಳಿತು. "ಅಮ್ಮನಾ? ಕಳ್ಳತನದಲ್ಲಿ ಫೋನಾ?" ಅವನು ಗ್ರೇಸಿಯ ಕೈಯಿಂದ ಫೋನು ತೆಗೆದುಕೊಂಡು ನಕ್ಕ. "ಅಮ್ಮ, ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗೀತಾ ಉಂಟು! ನೀನು ಇಷ್ಟು ವರ್ಷ ಸುಮ್ನೆ ಒದ್ದಾಡಿದ್ದು. ಆರಾಮಾಗಿರು ಆಯ್ತಾ?" ಎಂದು ಹೇಳಿ ಫೋನನ್ನು ಗ್ರೇಸಿಗೆ ವಾಪಸು ಕೊಟ್ಟ.

ಸುಮ್ಮನೆ ಒದ್ದಾಡಿದ್ದು. ವಸಂತಿಯ ಮೈ ಉರಿಯಿತು.

"ಚೇಚಿ?" ಎಂದಳು ಗ್ರೇಸಿ. "ನಾನೇನು ಮಾಡಲಿ?"

"ಪೇಪರಿನಲ್ಲಿ ಇದ್ದ ಹಾಗೆ ಮಾಡು."

ಗ್ರೇಸಿ "ಸರಿ ಚೇಚಿ" ಎಂದಳು.

ಇಪ್ಪತ್ತೊಂದಕ್ಕೆ ವಸಂತಿ ಕಲೂರಿನ ಮನೆಗೆ ಮರಳಿದಾಗ ನಾಲ್ಕು ಸಾವಿರ ಪ್ಯಾಕೆಟ್ ಮಳಿಗೆಗಳಿಗೆ ಹೋಗಿಯಾಗಿತ್ತು. ಶೆಡ್ಡು ತೊಳೆದು ಲಕಲಕ ಎನ್ನುತ್ತಿತ್ತು. ನಿಶಾ ಶಾವಿಗೆ ಪಾಯಸ ಮಾಡಿದ್ದಳು. ಹೃಷಿಕೇಶ್ ತಾಯಿಯ ಎರಡೂ ಭುಜ ಹಿಡಿದು, "ಪಾಸಾದೆವಮ್ಮ!" ಎಂದು ಕುಣಿದ. ಕೃಷ್ಣಾನಂದರು ಕನ್ನಡಕ ಒರೆಸಿಕೊಂಡು, "ನೋಡು, ಏನೂ ಹೊರಗೆ ಬೀಳ್ಲಿಲ್ಲ. ನಿಂಗೆ ಕ್ಲೀನ್ ಚಿಟ್," ಎಂದು ತಮಾಷೆ ಮಾಡಿದರು.

ವಸಂತಿ ಪಾಯಸ ಕುಡಿದಳು. ಆಗಲಾದರೂ ಹೇಳಬಹುದಿತ್ತು, ಪ್ಯಾಕೆಟ್ಟುಗಳನ್ನು ತರಿಸಿ ಒಡೆದು ಆರಿಸಬಹುದಿತ್ತು. ಆದರೆ ಅವಳಿಗೆ ಬೇರೆಯೇ ಒಂದು ಅನುಮಾನ ಹುಟ್ಟಿಬಿಟ್ಟಿತ್ತು. ಏನೂ ಆಗಲಿಲ್ಲವಲ್ಲ? ಹಾಗಾದರೆ ಆ ಪಂಚೆ, ಆ ಫ್ಯಾನು, ಆ ನಾಲ್ಕು ಸಲದ ಕೈಯಾಟ ಎಲ್ಲ ಅಮ್ಮನ ಕಾಲದ ಒಂದು ಹುಚ್ಚು ಅಭ್ಯಾಸವಾಗಿತ್ತೇನೋ. ಮಗ ಹೇಳಿದ್ದೇ ನಿಜವೇನೋ. ಅವಳಿಗೆ ಅಳು ಬಂತು. ಒಲೆ ಹೊಗೆಯಾಡದಿದ್ದರೂ ಹೊಗೆಯೆಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಜುಲೈ ಎರಡನೆಯ ವಾರ, ಬೆಳಗಿನ ದೋಸೆಯ ಹೊತ್ತಿಗೆ ಹೃಷಿಕೇಶನ ಫೋನು ಬಡಿದುಕೊಂಡಿತು. ಅವನು ಎದ್ದು ನಿಂತು ಮಾತಾಡಿದ, ಮತ್ತೆ ಕೂತ.

"ಬೂಸ್ಟು ಬಂದಿದೆಯಂತೆ," ಎಂದ.

"ಎಂತದಕ್ಕೆ?" ಎಂದರು ಕೃಷ್ಣಾನಂದರು.

"ಹುಡಿಗೆ. ಎಲ್ಲಾ ಮಳಿಗೆಯಲ್ಲೂ."

ಮೂರು ದಿನದಲ್ಲಿ ಪ್ಯಾಕೆಟ್ಟು ತುಂಬಿದ ಡಬ್ಬಗಳೆಲ್ಲ ವಾಪಸು ಬಂದು ಜಗಲಿಯಲ್ಲಿ ಆಳೆತ್ತರಕ್ಕೆ ನಿಂತವು. ಮನೆಯೊಳಗೆಲ್ಲ ಬೂಸಲಿನ ಹಳಸಲು ವಾಸನೆ. ಯಾರೋ ಗಿರಾಕಿ ಪ್ಯಾಕೆಟ್ಟಿನ ಫೋಟೋ ಹಾಕಿ ನಾಲ್ಕು ಮಾತು ಬರೆದಿದ್ದರು. ಅದು ಫೋನಿಂದ ಫೋನಿಗೆ ಹೋಗಿ ಹಳೆಯ ಹನ್ನೊಂದು ಅಂಗಡಿಯವರಿಗೂ ಮುಟ್ಟಿತು. ಅವರೂ ಒಬ್ಬೊಬ್ಬರಾಗಿ ಸಾಕೆಂದರು. ಕಲೂರಿನ ಅಂಗಡಿಯವನು ಮಾತ್ರ ಖುದ್ದು ಬಂದು, ಚಹಾ ಕುಡಿದು, ಕೈಮುಗಿದು ಸಾಕೆಂದ.

ಯಾರೋ ಒಬ್ಬರ ತಪ್ಪು ಇರಲೇಬೇಕಿತ್ತು. ಕೃಷ್ಣಾನಂದರು ವರಾಂಡದಲ್ಲಿ ಕುರ್ಚಿ ಹಾಕಿ ಗ್ರೇಸಿಯನ್ನು ವಿಚಾರಿಸಿದರು.

"ಪೇಪರಿನಲ್ಲಿದ್ದ ಹಾಗೇ ಮಾಡಿದ್ದು ಸಾರ್," ಎಂದಳು ಗ್ರೇಸಿ. "ಆರಬೇಕು ಅಂತ ನಾನು ಅವತ್ತೇ ಹೇಳಿದ್ದೆ."

"ಆರುದು ಬೇಕಿದ್ರೆ ವಸಂತಿ ಬರೆಸ್ತಿರ್ಲಿಲ್ವಾ? ಪೇಪರಿನ ಹಾಗೇ ಮಾಡಿದ್ರೆ ಬೂಸ್ಟು ಹೇಗೆ ಬಂತು? ನಡುವೆ ಪಾತ್ರೆ ತೊಳೀಲಿಕ್ಕೆ ಹೋಗ್ತಿದ್ದೆ. ಒದ್ದೆ ಕೈಯಲ್ಲೇ ಪ್ಯಾಕ್ ಮಾಡಿದ್ದಲ್ವಾ?"

"ಇಲ್ಲ ಸಾರ್."

"ಮತ್ತೆ ನೀರು ಆಕಾಶದಿಂದ ಬಂತಾ?"

ಗ್ರೇಸಿ ಬಾಗಿಲಲ್ಲಿ ನಿಂತಿದ್ದ ವಸಂತಿಯ ಕಡೆಗೆ ನೋಡಿದಳು. ಗಂಡ, ಮಗ, ಜಗಲಿಯಲ್ಲಿ ಆ ಡಬ್ಬಗಳ ರಾಶಿ. ಅಷ್ಟರೆದುರು ಬಾಯಿ ತೆರೆಯುವ ಧೈರ್ಯ ವಸಂತಿಗಿರಲಿಲ್ಲ. ಹೃಷಿಕೇಶ್, "ನಾಳೆಯಿಂದ ಬರುದು ಬೇಡ ಗ್ರೇಸಿ," ಎಂದ. ಅವನ ಕಣ್ಣು ಕೆಂಪಾಗಿತ್ತು. ಗ್ರೇಸಿ ಏಪ್ರನ್ ಬಿಚ್ಚಿ ಮಡಚಿ ಕುರ್ಚಿಯ ಮೇಲಿಟ್ಟು ಹೋದಳು.

ಅವತ್ತಿನಿಂದ ಮೂರು ದಿನ ವಸಂತಿ ಬರೀ ಗಂಜಿಯ ನೀರು ಕುಡಿದಳು. ಭಾನುವಾರ ಫೈಲಿನ ಕ್ರಮದಂತೆ ಕುಟುಂಬದ ಸಭೆ ಸೇರಿತು; ಚರ್ಚಿಸಲು ಏನೂ ಉಳಿದಿಲ್ಲದಿದ್ದರೂ ಕೃಷ್ಣಾನಂದರು ಸಭೆ ತಪ್ಪಿಸುವವರಲ್ಲ. ಹೃಷಿಕೇಶ್ ಹಳೆಯ ಕಂಪನಿಗೆ ಹೋಗಿ ಕೇಳಿ ಬಂದಿದ್ದ. ಅಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದಿದ್ದರು.

"ಗ್ರೇಸಿಯ ತಪ್ಪಲ್ಲ," ಎಂದಳು ವಸಂತಿ. "ಬೀಸಿದ ಹುಡಿ ಒಂದು ದಿನ ಆರಬೇಕು. ಅದನ್ನು ನಾನು ಬರೆಸ್ಲಿಲ್ಲ. ಬೇಕೂಂತ ಬರೆಸ್ಲಿಲ್ಲ. ಫೋನಲ್ಲಿ ಅವಳು ಕೇಳಿದಾಗ್ಲೂ ಹೇಳ್ಲಿಲ್ಲ."

ಹೃಷಿಕೇಶ್ ತಲೆಯೆತ್ತಿದ. ಕೃಷ್ಣಾನಂದರು ಪೆನ್ನು ಕೆಳಗಿಟ್ಟರು. ಆಮೇಲೆ ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು: "ವಸಂತೀ, ಅವಳನ್ನು ಉಳಿಸ್ಲಿಕ್ಕೆ ನೀನು ಮೈಮೇಲೆ ಹಾಕ್ಕೊಳ್ಳುದು ನಂಗೆ ಗೊತ್ತಾಗುದಿಲ್ವಾ? ಮೂವತ್ತೆಂಟು ವರ್ಷ ಆಯ್ತು ನಿನ್ನನ್ನು ನೋಡ್ಲಿಕ್ಕೆ ಶುರು ಮಾಡಿ. ನೀನು ಇರುವೆಗೂ ಕೆಟ್ಟದ್ದು ಮಾಡಿದವಳಲ್ಲ."

"ನಾನು ಮಾಡಿದ್ದೇನೆ. ಕೇಳಿ ಒಮ್ಮೆ."

"ಬಿಡಮ್ಮ," ಎಂದ ಹೃಷಿಕೇಶ್. "ನೀನು ಸುಳ್ಳು ಹೇಳಿದ್ರೆ ಯಾರಿಗಾದ್ರೂ ಗೊತ್ತಾಗ್ತದೆ. ಸ್ವಂತ ಮಗನ ಕಾಲಿಗೆ ಯಾರಾದ್ರೂ ಕೊಡಲಿ ಹಾಕ್ತಾರಾ?"

ವಸಂತಿ ಎಷ್ಟು ಹೇಳಿದರೂ ಅವರ ಮುಖದಲ್ಲಿ ಕನಿಕರವೇ ಹೆಚ್ಚಾಗುತ್ತ ಹೋಯಿತು. ಬೈದಿದ್ದರೆ ಅವಳಿಗೆ ಉಸಿರಾಡಲು ಆಗುತ್ತಿತ್ತು. ಅಪ್ಪ ಮಗ ಎದ್ದು ಹೋದರು. ನಿಶಾ ಮಾತ್ರ ಕದಲಲಿಲ್ಲ. ಬೂಸ್ಟಿನ ಸುದ್ದಿ ಬಂದಾಗಿನಿಂದ, "ನೀನು ಬರೆದದ್ದೇ ಸರಿ ಇಲ್ಲ," ಎಂದು ಗಂಡನಿಂದ ಅವಳೂ ಸಾಕಷ್ಟು ಕೇಳಿಸಿಕೊಂಡಿದ್ದಳು.

"ನಾನು ಎರಡು ಸಲ ಕೇಳಿದ್ದೆ ಅತ್ತೆ," ಎಂದಳು ನಿಶಾ. "ಆಮೇಲೆ, ಆಮೇಲೆ ಅಂತ. ನಿಮ್ಮ ಮುಖ ಒಂಥರಾ ಆಗಿದ್ದು ನಂಗೆ ನೆನಪಿದೆ. ಸುಸ್ತಾಗಿದೆ ಅಂದ್ಕೊಂಡೆ."

"ನಿಶಾ..."

"ನಾನು ನಂಬ್ತೀನಿ. ನಾನೊಬ್ಳೇ ನಂಬೋದು." ಅವಳು ಲ್ಯಾಪ್‌ಟಾಪು ಮುಚ್ಚಿದಳು. ಮರುದಿನದಿಂದ ತನ್ನ ಮತ್ತು ಗಂಡನ ಅಡಿಗೆಯನ್ನು ಮೇಲಿನ ರೂಮಿನಲ್ಲೇ ಒಂದು ಇಂಡಕ್ಷನ್ ಒಲೆಯಿಟ್ಟು ಮಾಡತೊಡಗಿದಳು. ಕೇಳಿದವರಿಗೆ ಆಫೀಸಿನ ಸಮಯದ ನೆಪ ಹೇಳಿದಳು.

ವಸಂತಿಗೆ ಬೇಕಾಗಿದ್ದದ್ದು ಈಗ ಸಿಕ್ಕಿತ್ತು. ಶೆಡ್ಡು ಪೂರ್ತಿ ಅವಳದೇ. "ಇನ್ನು ನೀನೇ ಮಾಡು, ಹಳೇ ಹಾಗೆ, ನಿಂಗೆ ತೋಚಿದಷ್ಟು," ಎಂದಿದ್ದರು ಕೃಷ್ಣಾನಂದರು. ಅವಳು ಒಂದು ಬೆಳಿಗ್ಗೆ ಒಂದು ಸೇರು ಕೊತ್ತಂಬರಿ ಹುರಿದಳು. ಬೀಸಿ, ಪಂಚೆಯ ಮೇಲೆ ಹರಡಿ, ಫ್ಯಾನು ಹಾಕಿ, ಪಕ್ಕದಲ್ಲಿ ಕೂತಳು. ಮರುದಿನ ಪುಡಿ ಹದವಾಗಿ ಆರಿತ್ತು. ಕೊಡುವುದು ಯಾರಿಗೆಂದು ಅವಳಿಗೆ ತಿಳಿಯಲಿಲ್ಲ.

ಆ ಗುರುವಾರ ಯಾರಿಗೂ ಹೇಳದೆ ಅವಳು ಬಸ್ಸು ಹಿಡಿದು ಸೇತುವೆ ದಾಟಿ ವಲ್ಲಾರ್ಪಾಡಂಗೆ ಹೋದಳು. ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಂತ ರಸ್ತೆಯ ಹಿಂದೆ, ಎರಡು ಕೋಣೆಯ ಮನೆ. ಹನ್ನೊಂದು ವರ್ಷದಲ್ಲಿ ಅವಳು ಅಲ್ಲಿಗೆ ಬಂದದ್ದು ಇದೇ ಮೊದಲು. ಗ್ರೇಸಿ ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. ಒಳಗೆ ಕರೆದು ಕೂರಿಸಿ ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟಳು. ಸೋಮವಾರದಿಂದ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುವುದೆಂದು ಹೇಳಿದಳು. ಮಾತೆಲ್ಲ ಮಲಯಾಳದಲ್ಲೇ ನಡೆಯಿತು.

"ಅವತ್ತು ವರಾಂಡದಲ್ಲಿ ನೀನು ಯಾಕೆ ಹೇಳಲಿಲ್ಲ? ಚೇಚಿಯೇ ಹೇಳಿದ್ದು ಅಂತ?"

"ಹೇಳಿದರೆ ಯಾರು ನಂಬುತ್ತಾರೆ ಚೇಚಿ?"

"ನಾನೇ ಹೇಳಿದೆ. ನನ್ನನ್ನೂ ನಂಬಲಿಲ್ಲ."

ಗ್ರೇಸಿ ಸಣ್ಣಗೆ ನಕ್ಕಳು. ವಸಂತಿಗೂ ನಗು ಬಂದ ಹಾಗಾಗಿ, ನಡುವೆಯೇ ಅಳುವಾಯಿತು. ಗ್ರೇಸಿ ಅವಳನ್ನು ಮುಟ್ಟಲಿಲ್ಲ. ಅತ್ತು ಮುಗಿಯುವವರೆಗೆ ಎದುರು ಕೂತಿದ್ದಳು.

"ವಾಪಸು ಬಾ ಗ್ರೇಸಿ. ಸಾರ್‌ಗೆ, ಹೃಷಿಗೆ ನಾನು ಹೇಳುತ್ತೇನೆ. ಅವರು ಏನಾದರೂ ಅಂದುಕೊಳ್ಳಲಿ. ನಾವಿಬ್ಬರೇ ಸ್ವಲ್ಪ ಸ್ವಲ್ಪ ಮಾಡುವ, ಮೊದಲಿನ ಹಾಗೆ. ನೀನಿಲ್ಲದೆ ನನಗೆ ಕೈಯೇ ಓಡುವುದಿಲ್ಲ."

ಗ್ರೇಸಿ ಲೋಟಗಳನ್ನು ತೊಳೆದಿಟ್ಟು ಬಂದು ಮತ್ತೆ ಕೂತಳು. ಕೋಪವಿದ್ದಿದ್ದರೆ ಬೇಗ ಉತ್ತರ ಬರುತ್ತಿತ್ತು.

"ಹನ್ನೊಂದು ವರ್ಷ ಚೇಚಿ ಹುರಿ ಅಂದರೆ ಹುರಿದೆ, ಇಳಿಸು ಅಂದರೆ ಇಳಿಸಿದೆ. ಯಾಕೆ ಅಂತ ಒಂದು ದಿನ ಕೇಳಲಿಲ್ಲ. ನನಗೆ ಆ ಕೆಲಸದಲ್ಲಿದ್ದ ಸುಖ ಅದೇ. ಇನ್ನು ಚೇಚಿ ಏನು ಹೇಳಿದರೂ ನಾನು ಮೊದಲು ಚೇಚಿಯ ಮುಖ ನೋಡಬೇಕಾಗುತ್ತದೆ. ಹಾಗೆ ಕೆಲಸ ಮಾಡಲು ನನ್ನಿಂದ ಆಗುವುದಿಲ್ಲ."

"ಇನ್ನೊಮ್ಮೆ ಹಾಗಾಗುವುದಿಲ್ಲ ಗ್ರೇಸಿ," ಎಂದಳು ವಸಂತಿ. "ನನ್ನ ಮೇಲಾಣೆ."

ಗ್ರೇಸಿ ಅವಳ ಮುಖ ನೋಡಿದಳು.